ಹುಳುವಿನ ಮನೆಯಲ್ಲಿ ಬೆಳಕಿನ ಕತ್ತಿ

ಅವತ್ತು ಬೆಳಿಗ್ಗೆಯೂ ಎಂದಿನಂತೆ ಮೋಟಾರು ಹಾಕಿ, ಮೇಲಿನ ಟ್ಯಾಂಕು ತುಂಬುವಷ್ಟರಲ್ಲಿ ಬಾಗಿಲಿಗೆ ನೀರು ಚಿಮುಕಿಸಿದೆ. ಹಾಲು ಕಾಯಿಸಿದೆ. ಯಜಮಾನರ ಡಬ್ಬಿಗೆ ಚಿತ್ರಾನ್ನ ಹಾಕಿ, ಮುಚ್ಚಳಕ್ಕೆ ಅಂಟಿದ್ದ ಕಡಲೆಬೀಜವನ್ನು ಬಾಯಿಗೆ ಹಾಕಿಕೊಂಡೆ. ಅವರು ಸ್ಕೂಟರಿನ ಸೀಟು ಒರೆಸಿ, ಎರಡು ಸಲ ಕೆಮ್ಮಿ, ಕರೆಂಟ್ ಆಫೀಸಿಗೆ ಹೊರಟರು. ಗಾಡಿಯ ಸದ್ದು ಮಡಕಶಿರದ ದೊಡ್ಡ ರಸ್ತೆಗೆ ಸೇರಿ ಕರಗುವವರೆಗೂ ನಾನೂ ಮಗಳೂ ಏನೂ ಅರಿಯದವರಂತೆ ಕೂತಿದ್ದೆವು. ಆಮೇಲೆ ಅವಳು ಮಂಚದ ಕೆಳಗಿನಿಂದ ಉದ್ದನೆಯ ಬಟ್ಟೆಚೀಲ ಎಳೆದಳು.

ಮಗಳು ಹಿಂದೂಪುರದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅಲ್ಲಿ ಅವಳ ಗೆಳತಿಯರೂ ಕೆಲವು ಉದ್ಯೋಗಸ್ಥರೂ ಸೇರಿ, ಭಾನುವಾರ ಒಂದು ಫಂಕ್ಷನ್ ಹಾಲಿನ ಮಹಡಿಯಲ್ಲಿ ಬೆಳಕಿನ ಕತ್ತಿಯ ಕಾಳಗ ಆಡುತ್ತಾರೆ. ಕತ್ತಿ ಎಂದರೆ ಹರಿತವಾದದ್ದೇನಲ್ಲ. ಹಿಡಿ ಲೋಹದ್ದು, ಅದರೊಳಗೆ ಬ್ಯಾಟರಿ ಮತ್ತು ದೀಪ. ಅಲಗು ಗಟ್ಟಿ ಪ್ಲಾಸ್ಟಿಕ್ಕಿನ ಕೊಳವೆ. ಗುಂಡಿ ಒತ್ತಿದರೆ ಕೊಳವೆ ಪೂರ್ತಿ ಬೆಳಗುತ್ತದೆ. ಮುಖಕ್ಕೆ ಜಾಲರಿ, ಕೈಗೆ ದಪ್ಪ ಗವಸು ಹಾಕಿಕೊಂಡು ಎದುರಾಳಿಯ ತೋಳು, ಎದೆ ಮುಟ್ಟಬೇಕು. ಮಗಳು ಎಂಥವರ ಜೊತೆ ಆಡುತ್ತಾಳೋ ನೋಡಿ ಬರೋಣವೆಂದು ಹೋದವಳು ನಾನು. ಯಾರೋ ಒಬ್ಬರು ಬಂದಿರಲಿಲ್ಲ; "ಆಂಟಿ, ಒಂದೇ ಒಂದು ಆಟ" ಎಂದು ಕೈಗೆ ಕೊಟ್ಟರು. ಅಂದಿನಿಂದ ಮಗಳಿಗೆ ಊಟ ಕೊಡುವ ನೆಪದಲ್ಲಿ ಭಾನುವಾರದ ಬಸ್ಸು ಹತ್ತುತ್ತಿದ್ದೇನೆ. ಮನೆಯಲ್ಲಿ ಗೊತ್ತಿಲ್ಲ. ಮಂಡಿನೋವಿಗೆ ಎಣ್ಣೆ ಹಚ್ಚುವ ವಯಸ್ಸಿನಲ್ಲಿ ಕತ್ತಿ ಬೀಸುತ್ತೇನೆಂದು ಯಾರಿಗೆ ಹೇಳಲಿ?

ನನಗೂ ಒಂದು ಸ್ವಂತದ್ದಿರಲಿ ಎಂದು ಮಗಳು ರಜೆಗೆ ಬರುವಾಗ ತನ್ನ ಕತ್ತಿಯ ಜೊತೆ ಒಂದು ಹಿಡಿ, ಮೂರು ಅಲಗು ತಂದಿದ್ದಳು. ಒಂದನ್ನು ಇಟ್ಟುಕೊಂಡು ಉಳಿದೆರಡನ್ನು ಮಧ್ಯಾಹ್ನದ ಬಸ್ಸಿಗೆ ಅವಳೊಂದಿಗೆ ಕಳಿಸಬೇಕಿತ್ತು.

ಮೊದಲನೆಯದು ತೆಳುಗೋಡೆಯ ಕೊಳವೆ. ಕೈಗೆ ಹೂವಿನಷ್ಟು ಹಗುರ, ಆದರೆ ಬೀಸಿದರೆ ತುದಿ ನಡುಗುತ್ತಿತ್ತು. ಎರಡನೆಯದು ದಪ್ಪಗೋಡೆಯದು. ತೂಕ ಹೆಚ್ಚು, ಮುಂಗೈಗೆ ಕೆಲಸ. ಮೂರನೆಯದರ ಒಳಗೆ ಉದ್ದಕ್ಕೂ ಸಣ್ಣ ಸಣ್ಣ ದೀಪಗಳ ಪಟ್ಟಿ. ಹೊತ್ತಿಸಿದರೆ ಬೆಳಕು ಬುಡದಿಂದ ತುದಿಗೆ ಓಡುತ್ತಿತ್ತು. ಅದನ್ನು ಕಂಡು ನಾನು ಬಾಯಿ ಬಿಟ್ಟೆ.

"ಅಮ್ಮ, ಅದು ನೋಡೋಕಷ್ಟೇ," ಎಂದಳು ಮಗಳು. "ಜೋರಾಗಿ ಬಿದ್ರೆ ಒಳಗಿನ ದೀಪ ಒಂದೊಂದೇ ಸಾಯುತ್ತೆ. ನೀನು ಹೊಡೆಯೋ ಹೊಡ್ತಕ್ಕೆ ಒಂದು ವಾರ ಬಾಳಲ್ಲ."

"ನಾನೇನು ಅಷ್ಟು ಜೋರಾಗಿ ಹೊಡೀತೀನಾ?"

"ಅಪ್ಪಂಗೆ ಗೊತ್ತಿಲ್ಲ, ಅದೇ ಪುಣ್ಯ."

ತೆಳುವಿನದಕ್ಕೂ ದಪ್ಪದ್ದಕ್ಕೂ ನಡುವೆ ಮನಸ್ಸು ತೂಗಾಡಿತು. ದಪ್ಪಗೋಡೆಯದರಲ್ಲಿ ಬೆಳಕು ಮಂಕಾಗುತ್ತದೆಂದು ಕೇಳಿದ್ದೆ. ತುದಿಯವರೆಗೂ ಒಂದೇ ಸಮ ಹರಡುತ್ತದೋ, ನಡುವಿನಲ್ಲೇ ಸೋರಿಹೋಗುತ್ತದೋ ಕತ್ತಲಲ್ಲಿಟ್ಟೇ ನೋಡಬೇಕು. ನಮ್ಮ ಮನೆಯಲ್ಲಿ ಹಗಲು ಕತ್ತಲೆಂಬುದಿಲ್ಲ. ದೇವರ ಮನೆಗೂ ಮೇಲೆ ಗಾಜಿನ ಹೆಂಚು. ಆಗ ನನಗೇ ನೆನಪಾದದ್ದು ಹಿತ್ತಲಿನ ಹುಳುವಿನ ಮನೆ.

ಮಾವನವರು ರೇಷ್ಮೆಹುಳು ಸಾಕಲೆಂದು ಕಟ್ಟಿಸಿದ ಉದ್ದನೆಯ ಕೋಣೆ ಅದು. ಈಗ ಹಿಂದಿನ ಮನೆಯಾಕೆಗೆ ಬಾಡಿಗೆಗೆ ಕೊಟ್ಟಿದ್ದೇವೆ. ಹಿಂದಿನ ಬೆಳೆಯ ಗೂಡು ಬಿಡಿಸಿ, ಗೋಡೆ ನೆಲವನ್ನೆಲ್ಲ ಬ್ಲೀಚಿಂಗ್ ನೀರಿನಲ್ಲಿ ತೊಳೆದು, ಆಕೆ ಹಿಂದಿನ ದಿನವಷ್ಟೇ ನೆಲದ ತುಂಬ ಸುಣ್ಣದ ಪುಡಿ ಹರಡಿ ಬಾಗಿಲು ಹಾಕಿದ್ದಳು. ಇನ್ನೊಂದು ದಿನ ಕಳೆದರೆ ಮರಿಹುಳು ಬರುವುದಿತ್ತು. ಹಾಗೆ ಶುದ್ಧ ಮಾಡಿ ಮುಚ್ಚಿದ ಮೇಲೆ ಹುಳು ಬರುವವರೆಗೆ ಆಕೆಯ ಹೊರತು ಯಾರೂ ಕಾಲಿಡಬಾರದು. ಹೊರಗಿನ ರೋಗ ಕಾಲಿನಲ್ಲಿ ಬಂದರೆ ಬೆಳೆಯೇ ಹೋಗುತ್ತದೆ. ಇದು ನಮ್ಮ ಬೀದಿಯಲ್ಲಿ ಮಕ್ಕಳಿಗೂ ಗೊತ್ತು. ಬೀಗದ ಕೈ ನಮ್ಮ ಹಿಂಬಾಗಿಲ ಮೊಳೆಯಲ್ಲೇ ತೂಗುತ್ತದೆ, ಅಷ್ಟು ನಂಬಿಕೆ.

ಚಪ್ಪಲಿ ಬಿಟ್ಟೆವು, ನಲ್ಲಿಯಲ್ಲಿ ಕಾಲು ತೊಳೆದೆವು. ಅಷ್ಟು ಮಡಿ ಸಾಕೆಂದುಕೊಂಡೆ. ಹೊಸಿಲಿನಲ್ಲೇ ನಿಂತು ನೋಡಿ ಬರೋಣವೆಂದು ಬಾಗಿಲು ತೆಗೆದದ್ದು.

ಕಿಟಕಿಗಳಿಗೆಲ್ಲ ಗೋಣಿ ಪರದೆ. ಒಳಗೆ ಹೋಗಿ ಬಾಗಿಲು ಎಳೆದುಕೊಂಡರೆ ಗವ್ವೆನ್ನುವ ಕತ್ತಲು. ದಪ್ಪಗೋಡೆಯ ಅಲಗನ್ನು ಹಿಡಿಗೆ ಸಿಕ್ಕಿಸಿ, ಬುಡದ ಸಣ್ಣ ತಿರುಪು ಬಿಗಿದು ಗುಂಡಿ ಒತ್ತಿದೆ. ನೀಲಿ ಬೆಳಕು ಬುಡದಲ್ಲಿ ಗಟ್ಟಿಯಾಗಿ, ತುದಿಗೆ ಕೊಂಚ ತೆಳುವಾಗಿ, ಆದರೆ ಎಲ್ಲೂ ತುಂಡಾಗದೆ ನಿಂತಿತು. ಬೆರಳಿನಲ್ಲಿ ಸವರಿದರೆ ಬಿಸಿಯೇ ಇಲ್ಲ. ಮಗಳು ತನ್ನದನ್ನು ಹೊತ್ತಿಸಿದಳು. "ಒಂದು ಏಟು, ತೂಕ ಗೊತ್ತಾಗ್ಲಿ" ಎಂದಳು. ಒಂದು ಏಟಿಗೆ ಇನ್ನೊಂದು. ಅಂಗಾಲಿನ ಕೆಳಗೆ ಹಿಟ್ಟಿನಂಥ ಮೆತ್ತನೆಯದನ್ನು ತುಳಿಯುತ್ತಿದ್ದೇನೆಂಬುದು ಗೊತ್ತಾಗುತ್ತಲೇ ಇತ್ತು. ಗೊತ್ತಾಗುತ್ತಿದ್ದರೂ ಮುಂದೆ ಹೋದೆ, ಹಿಂದೆ ಸರಿದೆ, ಮಗಳ ತೋಳು ಮುಟ್ಟಿ ಹುಡುಗಿಯಂತೆ ಕೇಕೆ ಹಾಕಿದೆ. ದಪ್ಪಗೋಡೆಯದನ್ನೇ ಆರಿಸಿಕೊಂಡೆ. ಅದು ನಡುಗದು, ಏಟಿಗೆ ಏಟು ಕೊಟ್ಟರೆ ಕೈಗೆ ನಿಜ ಹೇಳುತ್ತದೆ. ಬಸ್ಸಿನ ಹೊತ್ತಾಯಿತೆಂದು ಓಡಿಬಂದೆವು. ನೆಲವನ್ನು ತಿರುಗಿಯೂ ನೋಡಲಿಲ್ಲ.

ಮಗಳನ್ನು ಬಸ್ಸು ಹತ್ತಿಸಿ ಬಂದು ಕೂತಿದ್ದೆನಷ್ಟೆ, ಹಿತ್ತಲಿನಿಂದ ಕೂಗು.

"ಯಕ್ಕೋ! ಬಾರಕ್ಕ ಇಲ್ಲಿ, ಬೇಗ!"

ಹುಳುವಿನ ಮನೆಯ ಬಾಗಿಲಲ್ಲಿ ಹಿಂದಿನ ಮನೆಯಾಕೆ ಎದೆ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಹುಳುವಿನ ತಟ್ಟೆ ಜೋಡಿಸಲು ಬಂದವಳು ಪರದೆ ಸರಿಸಿದ್ದಳು. ಬಿಳಿಯ ನೆಲದ ತುಂಬ ನಮ್ಮ ಹೆಜ್ಜೆಗಳು. ಕಾಳಗದಲ್ಲಿ ಮುಂದಿನ ಕಾಲು ನೆಟ್ಟಗೆ, ಹಿಂದಿನದು ಅಡ್ಡ. ಎರಡನ್ನೂ ಎತ್ತದೆ ಜಾರಿಸಬೇಕು. ಅದನ್ನೇ ಚಾಚೂ ತಪ್ಪದೆ ಮಾಡಿದ್ದೆ.

"ನೋಡಕ್ಕ, ಒಂದು ಕಾಲು ನೆಟ್ಟಗೈತೆ, ಇನ್ನೊಂದು ಅಡ್ಡ ಐತೆ. ಮನುಸ್ರು ಹಿಂಗ್ ನಡೀತಾರಾ? ಇದು ಮಾಟ ಕಣಕ್ಕ. ನಡೂಮಧ್ಯೆ ಸುತ್ತು ಬೇರೆ ಹಾಕವ್ರೆ."

ಆ ಸುತ್ತು ಮಗಳ ಏಟು ತಪ್ಪಿಸಿಕೊಳ್ಳಲು ನಾನು ತಿರುಗಿದ್ದು.

"ಯಾರ್ರೀ ಮಾಡ್ತಾರ ಅಂಥಾದ್ದು?" ಎಂದೆ. ರಾಯದುರ್ಗದ ತವರಿನ ಮಾತು, ಹೆದರಿದಾಗ ಇನ್ನಷ್ಟು ಬರುತ್ತದೆ.

"ಇನ್ಯಾರು? ನನ್ ವಾರಗಿತ್ತಿ. ನಿನ್ನೆ ಸಂಜೆ ನಿಮ್ ಹಿತ್ಲಿಗೆ ಕರಿಬೇವು ಕೀಳಕ್ಕೆ ಬಂದಿದ್ಲಲ್ಲ, ಮೊಳೇಲಿದ್ದ ಬೀಗದ ಕೈ ಕಂಡವ್ಳೆ. ಹೋದ್ಸಲ ಅವ್ಳ ಹುಳ ಸತ್ತು ನನ್ ಗೂಡು ಚೆನ್ನಾಗಾಯ್ತಲ್ಲ, ಆ ಹೊಟ್ಟೆಕಿಚ್ಚು. ನೀನೇ ಹೇಳಕ್ಕ, ಬೆಳಿಗ್ಗೆ ಯಾರಾದ್ರೂ ಬಂದಿದ್ರಾ?"

ಹೇಳಬೇಕಿದ್ದ ಜಾಗ ಅದೇ. ನಾಲಿಗೆಯ ಮೇಲೆ ಮಾತು ಇತ್ತು. ಆದರೆ ಮಾತಿನ ಹಿಂದೆ ಕತ್ತಿ ಬರಬೇಕಿತ್ತು, ಕತ್ತಿಯ ಹಿಂದೆ ಭಾನುವಾರಗಳು, ಭಾನುವಾರಗಳ ಹಿಂದೆ ಯಜಮಾನರ ಮುಖ.

"ನಾನು ಒಳಗಿದ್ದೆರಿ, ನೋಡ್ಲಿಲ್ಲ," ಎಂದೆ.

ಆಕೆ ಅಲ್ಲೇ ಫೋನು ಮಾಡಿದಳು. ವಾರಗಿತ್ತಿಯ ತವರು ತೆಲುಗಿನವರದು. ಜಗಳ ಯಾವಾಗಲೂ ತೆಲುಗಿನಲ್ಲೇ. "ಸಿಗ್ಗು ಲೇದಾ ನೀಕು?" ನಾಚಿಕೆಯಿಲ್ಲವೇ ನಿನಗೆ ಎಂದು ಆಕೆ ಕಿರುಚಿದಳು. ಆ ಕಡೆಯ ದನಿ ಮೊದಲು ಏರಿ, ಆಮೇಲೆ ಒಡೆದದ್ದು ನನಗೂ ಕೇಳಿಸಿತು. ಆಕೆ ಮತ್ತೆ ಅದನ್ನೇ ಕೇಳಿದಳು. ನಾನು ಬೇವಿನ ಮರದ ನೆರಳಲ್ಲಿ ನಿಂತು ಸೆರಗಿನ ತುದಿ ಮಡಿಸುತ್ತಿದ್ದೆ. ಹಿಮ್ಮಡಿಯಲ್ಲಿ ಇನ್ನೂ ಸುಣ್ಣವಿತ್ತು. ಸೀರೆ ಇಳಿಬಿಟ್ಟು ಮುಚ್ಚಿಕೊಂಡೆ.

ಮಧ್ಯಾಹ್ನವೆಲ್ಲ ಒಗೆದ ಬಟ್ಟೆ ಮಡಿಸಿದೆ, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ. ಕತ್ತಿ ಬೀರುವಿನ ಹಿಂದೆ ಗೋಡೆಗೊರಗಿ ನಿಂತಿತ್ತು. ಸಿಸ್ಟರುಗಳ ಶಾಲೆಯಲ್ಲಿ ನನಗೆ ನಡತೆಗೆ ಬಹುಮಾನ ಕೊಡುತ್ತಿದ್ದರು. ಜೋರಾಗಿ ಮಾತಾಡದವಳು, ಯಾರ ಗೊಡವೆಗೂ ಹೋಗದವಳು ಎಂದು. ಮಾತಾಡದಿರುವುದರಲ್ಲೇ ಇಷ್ಟೊಂದು ಕೆಟ್ಟದ್ದು ಇರಬಹುದೆಂದು ನನಗೆ ಈವರೆಗೆ ಹೊಳೆದಿರಲಿಲ್ಲ.

ಬಿಸಿಲು ಇಳಿದಾಗ ಕತ್ತಿಯನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಹಿಂದಿನ ಮನೆಗೆ ಹೋದೆ. ದುಪ್ಪಟಿ ಬಿಚ್ಚಿ ಗುಂಡಿ ಒತ್ತಿದೆ. ಆಕೆಯ ಮುಖ ನೀಲಿಯಾಯಿತು.

"ಏನಕ್ಕ ಇದು, ಟ್ಯೂಬ್‌ಲೈಟಾ?"

ಎಲ್ಲವನ್ನೂ ಹೇಳಿದೆ. ಕಾಲು ಹೇಗೆ ಜಾರಿಸುವುದೆಂದು ಆಕೆಯ ಅಂಗಳದಲ್ಲಿ ಸೀರೆ ಎತ್ತಿ ತೋರಿಸಿದೆ: ಒಂದು ನೆಟ್ಟಗೆ, ಒಂದು ಅಡ್ಡ. ಆಕೆ ನೋಡುತ್ತ ನೋಡುತ್ತ ಬಾಯಿಗೆ ಸೆರಗು ಒತ್ತಿಕೊಂಡಳು.

"ಅಯ್ಯೋ ನಿನ್ನ! ಅಣ್ಣಂಗೆ ಹೊಡೆಯಕ್ಕೆ ಕಲೀತಿದ್ದೀಯಾ?" ಎಂದು ನಕ್ಕಳು. ನಕ್ಕು ಮುಗಿಸಿ, "ಮದ್ಯಾನವೇ ಹೇಳಬಾರ್ದಿತ್ತಾ?" ಎಂದಳು. ನಾನು ಕತ್ತಿ ಆರಿಸಿ ಪೊರಕೆ ಎತ್ತಿಕೊಂಡೆ.

ಇಬ್ಬರೂ ಸೇರಿ ನೆಲ ಗುಡಿಸಿ, ಬ್ಲೀಚಿಂಗ್ ನೀರಿನಲ್ಲಿ ಮತ್ತೆ ತೊಳೆದೆವು. ಕಣ್ಣು ಉರಿಯಿತು. ಒಣಗಿದ ಮೇಲೆ ನಾನೇ ಮೊರದಲ್ಲಿ ಸುಣ್ಣ ಹರಡುತ್ತ, ಹಿಂದೆ ಹಿಂದೆ ನಡೆದು ಹೊಸಿಲಿಗೆ ಬಂದೆ. ಒಂದು ಹೆಜ್ಜೆಯೂ ಉಳಿಯದಂತೆ.

"ಈಗ್ಲೇ ಅವ್ರಿಗೆ ಫೋನ್ ಮಾಡ್ರಿ. ತಪ್ಪು ನಂದು ಅಂತ ನಾನೇ ಹೇಳ್ತೀನಿ," ಎಂದೆ.

"ಆಗ್ಲೇ ನೀನು ನೀರು ತರೋವಾಗ ಮಾಡ್ದೆ, ಅವ್ಳು ಎತ್ಲಿಲ್ಲ. ಅವ್ಳ ಗಂಡ, ನನ್ ಮೈದುನ ಎತ್ತಿದ್ದ." ಆಕೆ ಬಾಗಿಲಿಗೆ ಬೀಗ ಹಾಕಿ, ಕೈಯ ಸುಣ್ಣವನ್ನು ತೊಡೆಗೆ ಒರೆಸಿಕೊಂಡಳು. "ಮದ್ಯಾನದಿಂದ ಅನ್ನ ಮುಟ್ಟಿಲ್ವಂತೆ, ಕೂತ ಕಡೇನೇ ಕೂತವ್ಳಂತೆ. ಅವ್ಳು ಹಂಗೇ ಬಿಡಕ್ಕ, ಎಲ್ಲಾನೂ ಮನಸ್ಸಿಗೆ ಹಚ್ಕೊಂತಾಳೆ. ಅಂದಂಗೆ, ನಾಳೆ ಕರೆಂಟ್ ತೆಗೀತಾರಂತೆ, ಅಣ್ಣ ಏನಾದ್ರೂ ಅಂದ್ರಾ?"