ಕೊಟ್ಟಿಗೆ ಮೂಲೆಯ ಕುಂಬಳಬಳ್ಳಿ

ನಮ್ಮ ಕಡೆ ಕುಂಬಳದ ಮಿಡಿಯನ್ನು ಬೆರಳು ಮಾಡಿ ತೋರಿಸಬಾರದು. ತೋರಿಸಿದರೆ ಕೊಳೆತು ಉದುರುತ್ತದೆ ಎಂದು ನಂಬಿಕೆ. ತೋರಿಸಲೇಬೇಕಾದರೆ ಬೆರಳು ಮಡಚಿ ಮುಷ್ಟಿಯಲ್ಲಿ ತೋರಿಸಬೇಕು. ಎಲ್ಲರಿಗೂ ಇದ್ದ ಈ ಕಟ್ಟಳೆ ಮುದ್ದಮ್ಮ ಚಿಕ್ಕವ್ವನಿಗೆ ಇನ್ನಷ್ಟು ಬಿಗಿ. ಅವಳು ನಮ್ಮ ಹಿತ್ತಲಿಗೆ ಕಾಲಿಟ್ಟರೆ ಸಾಕು, ನಮ್ಮವ್ವ ಮಾದಮ್ಮ ಅವಳ ಕೈಗಳ ಮೇಲೇ ಕಣ್ಣಿಟ್ಟಿರುತ್ತಿದ್ದಳು.

ಚಿಕ್ಕವ್ವ ಎಂದರೆ ನಮ್ಮಪ್ಪನ ತಮ್ಮ ಪಾಪಯ್ಯನ ಹೆಂಡತಿ. ಸಾಲಗಾಮೆ ಹತ್ತಿರದ ನಮ್ಮೂರಿನಲ್ಲಿ ಎರಡೂ ಮನೆಯ ಹಿತ್ತಲ ನಡುವೆ ಒಂದು ಮೋಟುಗೋಡೆ ಇತ್ತು, ಅಷ್ಟೇ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಹಿತ್ತಲಿಗೆ ಅವಳೇ ಕುಂಬಳದ ಬೀಜ ಹಾಕಿದ್ದಳಂತೆ. ಆ ವರ್ಷ ಬಳ್ಳಿ ತುಂಬ ಹೂವಾಯಿತೇ ಹೊರತು ಕಾಯಿ ಹಿಡಿಯಲಿಲ್ಲ. ಆಮೇಲೆ ಅವಳಿಗೆ ಮಕ್ಕಳೂ ಆಗದೆ ಹೋದಾಗ ಊರಿನವರು ಎರಡನ್ನೂ ತಳುಕು ಹಾಕಿ, ಮುದ್ದಮ್ಮನ ಕೈಗುಣ ಸರಿಯಿಲ್ಲ ಎಂದುಬಿಟ್ಟರು. ಅಂದಿನಿಂದ ಬೀಜ ಹಾಕಲು ಅವಳನ್ನು ಯಾರೂ ಕರೆಯಲಿಲ್ಲ. ಕಳೆ ಕೀಳುವುದಕ್ಕೆ ಮಾತ್ರ ಅದೇ ಕೈ ಆಗುತ್ತಿತ್ತು. ಇದನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಚಿಕ್ಕವ್ವನಿಗೆ ಚಿನ್ನ ಬೇಕಿರಲಿಲ್ಲ, ಸೀರೆ ಬೇಕಿರಲಿಲ್ಲ. 'ಬಾ, ಬೀಜ ಹಾಕು' ಎಂದು ಒಂದು ಸಲ ಯಾರಾದರೂ ಕರೆಯಬೇಕಿತ್ತು.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ಚಿಕ್ಕಪ್ಪ ಒಂದು ಎಮ್ಮೆ ತಂದ. ಎಮ್ಮೆಗೆ ಸೊಳ್ಳೆ ಕಾಟ. ಚಿಕ್ಕವ್ವ ಸಂಜೆಯಾದರೆ ಕೊಟ್ಟಿಗೆ ಮೂಲೆಯಲ್ಲಿ ಅರೆ ಒಣಗಿದ ಬೆರಣಿ, ಬೇವಿನ ಸೊಪ್ಪು ಒಟ್ಟಿ ಹೊಗೆ ಹಾಕುತ್ತಿದ್ದಳು. ಅದೇ ಮೂಲೆಯಲ್ಲಿ, ಗಾಳಿಯಾಡದ ಗೋಡೆ ಮರೆಯಲ್ಲಿ, ಅವಳ ಕುಂಬಳದ ಗುಂಡಿ ಇತ್ತು. ಎರಡೆಲೆ ಬಿಟ್ಟಾಗಿನಿಂದಲೇ ಆ ಬಳ್ಳಿ ಹೊಗೆ ಕುಡಿದು ಬೆಳೆಯಿತು. ಶ್ರಾವಣಕ್ಕೆ ನೋಡಿದರೆ ಕೊಟ್ಟಿಗೆಯ ಮಾಡಿನ ತುಂಬ ಮಿಡಿ. ಗೋಡೆಯಾಚೆ ನಮ್ಮ ಬಳ್ಳಿಯಲ್ಲಿ ಬರೀ ಉದ್ದ ತೊಟ್ಟಿನ ಗಂಡು ಹೂ. ಬುಡದಲ್ಲಿ ಗೋಲಿಯಷ್ಟು ಕಾಯಿ ಹೊತ್ತ ಹೆಣ್ಣು ಹೂವನ್ನು ಹುಡುಕಿ ಹುಡುಕಿ ನಮ್ಮವ್ವ ಸೋತಳು.

"ಮುದ್ದಮ್ಮನ ಕೈ ತಿರುಗ್ತು ಕಣ್ರವ್ವ," ಎಂದು ನೀರಿನ ಬಾವಿಯ ಹತ್ತಿರ ಹೆಂಗಸರು ಮಾತಾಡಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗಿ ಸುಮ್ಮನಿರುತ್ತಿದ್ದರು. ಚಿಕ್ಕವ್ವನ ತಲೆಗೆ ಹುಳ ಬಿಟ್ಟಂತಾಯಿತು. ಹೋದ ವರ್ಷವೂ ಇದೇ ಕೈ, ಇದೇ ಬೀಜ, ಇದೇ ಗುಂಡಿ; ಕಾಯಿ ಮಾತ್ರ ಹಿಡಿದಿರಲಿಲ್ಲ. ಈ ವರ್ಷ ಹೊಸದಾಗಿ ಬಂದದ್ದು ಎಮ್ಮೆ ಮತ್ತು ಹೊಗೆ.

ಅವಳ ಅಣ್ಣ ಬೋರಪ್ಪ ಹೊಳೆನರಸೀಪುರದಲ್ಲಿ ಬಾಳೆಗೊನೆ ಹಣ್ಣು ಮಾಡುವ ಕೆಲಸದಲ್ಲಿದ್ದ. ಮಣ್ಣಿನ ಕೋಣೆಯಲ್ಲಿ ಗೊನೆ ಜೋಡಿಸಿ, ಹೊಗೆ ತುಂಬಿಸಿ, ಬಾಗಿಲ ಸಂದಿಗೆಲ್ಲ ಸಗಣಿ ಮೆತ್ತುತ್ತಿದ್ದ. ಗೌರಿ ಹಬ್ಬಕ್ಕೆ ತವರಿಗೆ ಹೋದವಳು ಅವನ ಬೆನ್ನು ಬಿದ್ದಳು.

"ಅಣ್ಣಯ್ಯ, ಕಾಯಿ ಹಣ್ಣಾಗಾದು ಬಿಸಿಗಾ, ಹೊಗೆಗಾ?"

"ಬರೀ ಕೆಂಡ ಇಕ್ಕುದ್ರೆ ಬಾಡ್ತದೆ ಕಣವ್ವ, ಚಂದಾಗಿ ಹಣ್ಣಾಗಾಕಿಲ್ಲ. ಹೊಗೇನೇ ಬೇಕು. ಒಂದು ಹಣ್ಣಾಯ್ತು ಅಂದ್ರೆ ಪಕ್ಕದ್ದೂ ಅದ್ನ ನೋಡ್ಕಂಡು ಹಣ್ಣಾಯ್ತದೆ."

"ಹೊಗೇಲಿ ಅಂತಾದ್ದೇನದೆ?"

"ಅದ್ನ ಕಂಡೋರ್ಯಾರು," ಎಂದ ಬೋರಪ್ಪ.

ಅದೇನೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಹಾಸನದ ಕಾಲೇಜಿನಲ್ಲಿ ಓದುವಾಗ. ಅದು ಎಥಿಲೀನ್ ಎಂಬ ಕಣ್ಣಿಗೆ ಕಾಣದ ಅನಿಲ. ಹೊಗೆಯಲ್ಲಿ ಇರುತ್ತದೆ, ಮಾಗುವ ಹಣ್ಣು ತಾನೇ ಹೊರಗೆ ಬಿಡುತ್ತದೆ, ಪಕ್ಕದ ಕಾಯಿಗೆ ಅದು ತಾಗಿ ಆ ಕಾಯಿಯೂ ಮಾಗುತ್ತದೆ. ಎಲೆ ಹಳದಿಯಾಗಿ ಉದುರುವುದರಲ್ಲೂ ಅದರ ಕೈವಾಡವಿದೆ. ಕುಂಬಳ, ಸೌತೆಯ ಎಳೆ ಬಳ್ಳಿಗೆ ತಾಗಿದರೆ ಗಂಡು ಹೂ ತಗ್ಗಿ ಹೆಣ್ಣು ಹೂ ಹೆಚ್ಚುತ್ತದೆ. ಚಿಕ್ಕವ್ವನಿಗೆ ಈ ಹೆಸರೆಲ್ಲ ಎಲ್ಲಿಂದ ಗೊತ್ತಿರಬೇಕು? ಕೋಣೆಯ ಹೊಗೆ ಕಾಯಿಗೆ ಏನೋ ಮಾಡುವುದಾದರೆ ಕೊಟ್ಟಿಗೆ ಹೊಗೆ ಬಳ್ಳಿಗೂ ಏನೋ ಮಾಡಿರಬೇಕು ಎಂದಷ್ಟೇ ಅವಳ ಲೆಕ್ಕ.

ಮುಂದಿನ ಮಳೆಗಾಲಕ್ಕೆ ಎರಡು ಗುಂಡಿ ತೋಡಿದಳು. ಒಂದು ಕೊಟ್ಟಿಗೆ ಮೂಲೆಯಲ್ಲಿ, ಇನ್ನೊಂದು ಹೊಗೆ ಸುಳಿಯದ ದೂರದ ಬೇಲಿ ಬದಿಯಲ್ಲಿ. ಒಂದೇ ಕಾಯಿಯ ಬೀಜ, ಒಂದೇ ತಿಪ್ಪೆಯ ಗೊಬ್ಬರ. ಬೂದಿಯ ಗುಣ ಇದ್ದರೂ ಇರಬಹುದೆಂದು ಎರಡಕ್ಕೂ ಬೂದಿ ಎರಚಿದಳು. ಆಮೇಲೆ ದಿನಾ ಬೆಳಗಾದರೆ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಓಡಾಟ. ಚಿಕ್ಕಪ್ಪನ ರೊಟ್ಟಿ ಎಷ್ಟು ಸಲ ಸೀದು ಹೋಯಿತೋ.

ಶ್ರಾವಣದಲ್ಲಿ ನಮ್ಮವ್ವ ಮೋಟುಗೋಡೆ ದಾಟಿ ಹೋದಳು. ಆವತ್ತು ನಡೆದದ್ದನ್ನು ಅವ್ವನೇ ನನಗೆ ಹೇಳಿದ್ದು. ಕೊಟ್ಟಿಗೆ ಮಾಡಿನ ಮಿಡಿಗಳನ್ನು ಕಣ್ತುಂಬ ನೋಡಿ ಅಂದಳಂತೆ:

"ಬರೋ ವರ್ಸ ನಮ್ ಇತ್ಲಿಗೂ ನೀನೇ ಬೀಜ ಆಕ್ಬುಡು ಮುದ್ದಿ. ನಿನ್ ಕೈ ಈಗ ಚಂದಾಗದೆ."

ಇಷ್ಟು ವರ್ಷ ಕಾದ ಮಾತು. ಚಿಕ್ಕವ್ವನ ಕಣ್ಣು ತುಂಬಿತು. 'ಆಗ್ಲಕ್ಕ' ಎಂದಿದ್ದರೆ ಮುಗಿದಿತ್ತು. ಅವಳು ಅವ್ವನ ರಟ್ಟೆ ಹಿಡಿದು ಬೇಲಿ ಬದಿಗೆ ಕರೆದುಕೊಂಡು ಹೋದಳು. ಅಲ್ಲಿನ ಬಳ್ಳಿಯ ತುಂಬ ಗಂಡು ಹೂ, ಎಲ್ಲೋ ಒಂದು ಮಿಡಿ.

"ಇದ್ನ ಯಾರೇ ಆಕಿದ್ದು?" ಎಂದಳು ಅವ್ವ.

"ನಾನೇ. ಅದೇ ದಿನ, ಇದೇ ಕೈಲಿ. ಕೈಗುಣ ಅಲ್ಲ ಕಣಕ್ಕ, ಹೊಗೆ ಗುಣ."

ಅವ್ವನಿಗೆ ಸಿಟ್ಟೇ ಬಂತಂತೆ. "ತಾನಾಗಿ ಬಂದ ಒಳ್ಳೆ ಹೆಸ್ರ ಯಾರಾದ್ರೂ ಬ್ಯಾಡ ಅಂತಾರಾ? ಸುಮ್ಕೆ ಊಂ ಅನ್ಬಾರ್ದಾ?"

"ಈ ಕಾಯೆಲ್ಲ ನನ್ ಕೈಯಿಂದ ಆಯ್ತು ಅಂತ ಒಪ್ಕಂಡ್ರೆ, ಆವತ್ತು ನಿಮ್ ಬಳ್ಳೀಲಿ ಕಾಯಿ ಆಗ್ದೆ ಇದ್ದುದ್ದೂ ನನ್ ಕೈಯಿಂದ್ಲೇ ಆಯ್ತದೆ. ನಂಗೆ ಎರಡೂ ಬ್ಯಾಡಕ್ಕ."

ಅವ್ವ ಬೇಲಿ ಬದಿಯ ಬಳ್ಳಿಯನ್ನು ಇನ್ನೊಮ್ಮೆ ನೋಡಿ, ಗೋಡೆ ದಾಟಿ ಮನೆಗೆ ಬಂದಳಂತೆ.

ಮಾರನೆಯ ವರ್ಷ ಮುಂಗಾರು ಹಿಡಿದ ಮೇಲೆ ಅವ್ವ ಬೀಜವನ್ನು ಮೊರದಲ್ಲಿಟ್ಟುಕೊಂಡು ಗೋಡೆಯ ಹತ್ತಿರ ನಿಂತು ಚಿಕ್ಕವ್ವನನ್ನು ಕೂಗಿದಳು. ಕೈಗುಣದ ಮಾತು ಇಬ್ಬರೂ ಎತ್ತಲಿಲ್ಲ. ಬೀಜ ಹಾಕಿದ್ದು ಚಿಕ್ಕವ್ವ, ಸಂಜೆ ಸಂಜೆ ಬಳ್ಳಿಯ ಬುಡದಲ್ಲಿ ಹೊಗೆ ಹಾಕಿದ್ದು ಅವ್ವ.

ಶ್ರಾವಣದ ಒಂದು ಬೆಳಗ್ಗೆ ಎಲೆಗಳ ನಡುವೆ ಮೊದಲ ಮಿಡಿ ಕಂಡದ್ದು ಚಿಕ್ಕವ್ವನಿಗೆ. "ಅಕ್ಕ, ಅಲ್ನೋಡು," ಎಂದು ಮೈಮರೆತು ಬೆರಳು ಚಾಚಿಬಿಟ್ಟಳು. ಮರುಗಳಿಗೆಯೇ ನೆನಪಾಗಿ ಗಾಬರಿಯಿಂದ ಬೆರಳು ಮಡಚಿಕೊಂಡಳು.

ಅವ್ವ ಆ ಮುಷ್ಟಿಯನ್ನು ಹಿಡಿದು ಮಡಚಿದ ಬೆರಳನ್ನು ತಾನೇ ಬಿಡಿಸಿದಳು.

"ಎಲ್ಲೇ, ನಂಗೆ ಕಾಣಾಕಿಲ್ಲ. ಸರ್ಯಾಗಿ ತೋರ್ಸು."