ಗಿರಣಿಯಾಕೆ ಕೇಳಿದ್ದು

ನನಗಾಗ ಅರವತ್ತಾರು, ಈಗ್ಗೆ ಐದು ವರ್ಷದ ಹಿಂದಿನ ಮಾತು. ಬಸವಾಪಟ್ಟಣದಾಗೆ ನಮ್ಮ ಮನೆ ಎದುರು ಹಿಟ್ಟಿನ ಗಿರಣಿ ನಡೆಸೋ ಒಬ್ಬಾಕೆ ಇದ್ದಳು. ರೆಪ್ಪೆ ಮ್ಯಾಲೆಲ್ಲ ಹಿಟ್ಟು. ಯಾರು ಬಂದ್ರೂ "ನಿಜ ಹೇಳ್ರಿ, ಹೆಂಗಿದೀರಿ?" ಅನ್ನೋಳು. ಉತ್ತರ ಬರೋತನಕ ಚೀಲ ಮುಟ್ತಿರಲಿಲ್ಲ. ನಂಗೆ ಸಿಟ್ಟು ಬರೋದು.

ಹಿಂದಿನ ಓಣಿಯಾಗೆ ಬ್ಯಾಂಡ್‌ಸೆಟ್ ಬಾರಿಸೋನೊಬ್ಬ, ಐವತ್ತರ ಆಸುಪಾಸು. ಹೆಂಡ್ತಿ ಸತ್ತಿದ್ಳು. ಮದುವೆಗಳಿಗೆ ಡಿಜೆ ಬಂದಮ್ಯಾಲೆ ಅವನನ್ನ ಯಾರೂ ಕರೀತಿರಲಿಲ್ಲ. ಮಕ್ಕಳು ಅತ್ರೆ, ಮುದುಕರು ಕೆಮ್ಮಿದ್ರೆ ಜನ ಕೇಳ್ತಾರೆ. ಆ ವಯಸ್ಸಿನ ಗಂಡಸನ್ನ ಯಾರು ಕೇಳ್ತಾರೆ? ಗಿರಣಿಯಾಕೆ ಅವನಿಗೆ ಡಬ್ಬಿಯಾಗೆ ಸಾರು ಕಳಿಸೋಳು. ಡಬ್ಬಿ ಖಾಲಿ ವಾಪಸ್ ಕೊಡಬಾರದಲ್ಲ, ಅವನು ಚಿಟಿಕೆ ಸಕ್ಕರೆನಾದ್ರೂ ಹಾಕಿ ಕೊಡೋನು.

ಒಂದಿನ ಸಂಜೆ ತೊಳೆದ ಡಬ್ಬಿ ಖಾಲಿನೇ ತಂದಿಟ್ಟ. "ಇನ್ನು ಸಾರು ಬ್ಯಾಡ ಅಕ್ಕಾ" ಅಂದ.

ಆಕೆ ಗಿರಣಿ ಬಂದ್ ಮಾಡಿ ನನ್ನೆದುರೇ ಕೇಳಿದ್ಳು: "ಸಾಯಾಕೆ ಹೊಂಟೀಯೇನಪ್ಪಾ?"

ನಂಗೆ ಅವಳ ಬಾಯಿ ಮುಚ್ಚಬೇಕು ಅನ್ನಿಸ್ತು. ಅವನು ಚೀಲದ ಮ್ಯಾಲೆ ಕುಂತು, "ಹೂಂ ಅಕ್ಕಾ" ಅಂತ ಅತ್ತ.

"ಅಳು. ರಾತ್ರಿ ನಮ್ಮನೆಯವ್ರ ಪಕ್ಕ ಹಾಸ್ತೀನಿ, ಗೊರಕೆ ತಡ್ಕೋ. ನಾಳೆ ಡಾಕ್ಟ್ರ ಹತ್ರ ಹೋಗಾನ" ಅಂದ್ಳು.

ಮರುದಿನ ಬೆಳಗ್ಗೆ ನಾನೂ ಅವರ ಜತೆ ದಾವಣಗೆರೆ ಬಸ್ ಹತ್ತಿದೆ. ಆಸ್ಪತ್ರೆ ಬೆಂಚಿನ ಮ್ಯಾಲೆ ಮೂವರೂ ಮಂಡಕ್ಕಿ ಮಿರ್ಚಿ ತಿಂದ್ವಿ. ಮಿರ್ಚಿಗೆ ಖಾರನೇ ಇಲ್ಲ ಅಂತ ಅವನು ಬೈತಿದ್ದ.