ತೊಳೆದಿಟ್ಟ ಟ್ಯಾಂಕು
“ಅಮ್ಮಾ, ಉಮಾನಾಥಜ್ಜ ಹೊಸ ಆಟಿಕೆಗೆ ಕೆಸ್ರ್ ಎಂತಕ್ ಬಳೂದ್?” ಎಂದು ದೀಕ್ಷಾ ಕೇಳಿದಾಗ ವಿನಯಾ ಮಗಳ ಬಾಯಿ ಮುಚ್ಚಿದಳು. ಪಕ್ಕದ ಮನೆಯ ಅಜ್ಜನೆದುರು ಅದನ್ನು ಆಟಿಕೆ ಎಂದವರು ಯಾರೂ ಸುಖವಾಗಿ ಚಾ ಕುಡಿದು ಹೊರಟದ್ದಿಲ್ಲ. ಹದಿನೆಂಟು ವರ್ಷ ಸೈನ್ಯದಲ್ಲಿ ಟ್ಯಾಂಕು ಓಡಿಸಿದವರು ಈಗ ಅಂಗೈಯಗಲದ ಪ್ಲಾಸ್ಟಿಕ್ ಟ್ಯಾಂಕನ್ನು ಚಿಮುಟದಲ್ಲಿ ಜೋಡಿಸಿ, ಬಣ್ಣ ಹೊಡೆದು, ಆಮೇಲೆ ಮೂರು ತಿಂಗಳು ಕೂತು ಅದನ್ನು ಯುದ್ಧಭೂಮಿಯಲ್ಲಿ ಓಡಾಡಿ ಬಂದದ್ದರಂತೆ ಹಳತು ಮಾಡುತ್ತಾರೆ. ಉಸಿರು ಬಿಗಿಹಿಡಿದು ಚಕ್ರದ ಅಂಚಿಗೆ ಧೂಳು ಕೂರಿಸುತ್ತಾರೆ, ಹತ್ತಿಳಿಯುವ ಕಾಲು ತಾಗುವಲ್ಲಿ ಮಾತ್ರ ಬಣ್ಣ ಸವೆಸುತ್ತಾರೆ. ತುಕ್ಕು ಸಾಸಿವೆಯಷ್ಟು ಹೆಚ್ಚಾದರೂ “ಇದೆಂತ ಗುಜರಿಯಾ?” ಎಂದು ತಮ್ಮ ಮೇಲೆಯೇ ರೇಗುತ್ತಾರೆ. ಅಂಥದ್ದನ್ನು ಈ ಸಲ ಆಯುಧಪೂಜೆಯ ಬೆಳಿಗ್ಗೆ ಹೆಂಡತಿ ಹರಿಣಾಕ್ಷಮ್ಮ ಸ್ಕೂಟರಿನ ಜೊತೆಗೇ ಸೋಪು ಹಾಕಿ ತಿಕ್ಕಿ, ಕುಂಕುಮವಿಟ್ಟು, ಸೇವಂತಿಗೆ ಮುಡಿಸಿಬಿಟ್ಟರು. “ಮೂರ್ ತಿಂಗ್ಳ್ ಕೂಕಂಡ್ ಹಚ್ಚಿದ್ ಕೆಸ್ರ್ ಮಾರಾಯ್ತಿ!” ಎಂದು ಗರ್ಜಿಸಿದ ಉಮಾನಾಥರು ಕುಂಕುಮವನ್ನು ರಪ್ಪನೆ ಒರೆಸಿದರು. ಹರಿಣಾಕ್ಷಮ್ಮನೂ ಬಿಡಲಿಲ್ಲ: “ಹ್ವಾಯ್, ನಿಮ್ಮನ್ನ ಹೊತ್ಕಂಡ್ ತಿರ್ಗೂ ಟ್ಯಾಂಕಿಗೆ ಹದಿನೆಂಟ್ ವರ್ಷ ಇಲ್ಲಿಂದ್ಲೇ ಕೈ ಮುಗ್ದೆ. ಈಗ ಮನಿಗ್ ಬಂದ್ರೂ ಒಂದ್ ಕುಂಕುಮ ಇಡುಕಾಗ್ದಾ?” ಅಂದಿನಿಂದ ಇಬ್ಬರಿಗೂ ಮಾತಿಲ್ಲ. ವಾರವಿಡೀ ಗೊಣಗುತ್ತಲೇ ಮತ್ತೆ ಧೂಳು ಕೂರಿಸತೊಡಗಿದ್ದ ಉಮಾನಾಥರು ನಿನ್ನೆ ಬೇಲಿಯ ಬಳಿ ವಿನಯಾಳನ್ನು ಕರೆದರು. ಕೈಯಲ್ಲಿ ಟ್ಯಾಂಕಿತ್ತು, ಕೂದಲೆಳೆಯ ಕುಂಚದ ತುದಿಯಲ್ಲಿ ಕೆಂಪು ಬಣ್ಣವಿತ್ತು. “ಹೆಣೆ, ನಾನ್ ಕೇಂಡ್ರೆ ಉತ್ತರ ಕೊಡುದಿಲ್ಲೆ. ಹರಿಣಾಕ್ಷಿ ಕುಂಕುಮ ಸರಿಯಾಗಿ ಎಲ್ಲ್ ಇಟ್ಟಿತ್ತ್ ಅಂದ್ಹೇಳಿ ನೀನೊಂಚೂರ್ ಕೇಂಡ್ಕಂಡ್ ಬತ್ಯಾ?”